ಬಳ್ಳಾರಿ ಕಡೆಯ ನವಶಿಲಾಯುಗದ ಜನ ನೆಲೆ ಆರಿಸಿಕೊಂಡ ಬಗೆ ತಿಳಿಯಲು ಯಾವ ಜಿಐಎಸ್ (ಸ್ಥಳದ ಮಾಹಿತಿಯನ್ನು ನಕ್ಷೆಗೆ ಏರಿಸಿ ಅಳೆಯುವ) ತಂತ್ರಾಂಶ ಕಲಿಯಬೇಕು? ನೆಲೆಯ ಸುತ್ತ ‘ಒಂದು ತಾಸಿನ ನಡಿಗೆ, 5 ಕಿ.ಮೀ.’ ವೃತ್ತ ಎಳೆದರೆ ಸಾಕೇ?

ಎಂ.ಎ. ಪ್ರಬಂಧಕ್ಕೆ ಹೊರಟಾಗ ನನ್ನದೂ ಇದೇ ಪ್ರಶ್ನೆ. ತಂತ್ರಾಂಶದ ಚಿಂತೆ ಬಿಡಿ, ಉಚಿತವಾಗಿ ಸಿಗುವ ಕ್ಯೂಜಿಐಎಸ್ ಧಾರಾಳ ಸಾಕು. ನಾನು ಎಡವಿದ್ದು ಬೇರೆ ಕಡೆ.

ಸಂಗನಕಲ್ಲು, ಕುಡತಿನಿ, ತೆಕ್ಕಲಕೋಟೆ ಸೇರಿದಂತೆ ಗೊತ್ತಿದ್ದ ನೆಲೆಗಳನ್ನೆಲ್ಲ ನಕ್ಷೆಗೆ ಏರಿಸಿದೆ. 1:50,000ರ ಟೋಪೋಶೀಟಿನಿಂದ (ಸರ್ವೇ ನಕ್ಷೆಯಿಂದ) ನೀರಿನ ಲೇಯರ್, ಅಂದರೆ ಕೆರೆ-ಹೊಳೆಗಳ ಪದರ, ತೆಗೆದು ನೆಲೆಗಳಿಂದ ನೀರಿಗೆ ಇರುವ ದೂರ ಅಳೆದೆ. ಬಹುಪಾಲು ನೆಲೆಗಳು ನೀರಿನ ಪಕ್ಕದಲ್ಲೇ! ‘ನೀರು ನೋಡಿ ನೆಲೆಸಿದರು’ ಎಂದು ಅಧ್ಯಾಯವನ್ನೇ ಬರೆದುಬಿಟ್ಟೆ.

ಒಂದು ಮೇ ತಿಂಗಳಲ್ಲಿ ಗುಡ್ಡದ ಬುಡದಲ್ಲಿ ಕುರಿ ಕಾಯುತ್ತಿದ್ದ ಅಜ್ಜನನ್ನು ಕೇಳಿದೆ: “ಅಜ್ಜಾರೆ, ಹಿಂದಿನ ಜನ ಈ ಕೆರೆ ನೀರಿಗೇ ಇಲ್ಲಿ ಇದ್ರಾ?”

“ಕೆರಿ ಆಮ್ಯಾಲೆ ಕಟ್ಟಿದ್ದಲ್ರೀ. ಹಳೇ ನೀರು ಮ್ಯಾಲೈತಿ, ದೊಣ್ಯಾಗ.”

ಕರೆದುಕೊಂಡು ಹೋಗಿ ತೋರಿಸಿದರು. ಎರಡು ಹಾಸುಬಂಡೆಗಳ ಸಂದಿಯಲ್ಲಿ ದೊಣೆ (ಬಂಡೆಯಲ್ಲಿ ತಾನಾಗಿ ನೀರು ನಿಲ್ಲುವ ಗುಂಡಿ), ಆ ಬಿಸಿಲಲ್ಲೂ ಮೊಣಕೈ ಆಳ ನೀರು. ಪಕ್ಕದ ಬಂಡೆಯ ಮೇಲೆ ಕಲ್ಲುಕೊಡಲಿ ಮಸೆದು ಮಸೆದು ನುಣುಪಾದ ಉದ್ದುದ್ದ ಗುಳಿಗಳು. ನನ್ನ ನಕ್ಷೆಯಲ್ಲಿ ಆ ದೊಣೆಯೇ ಇರಲಿಲ್ಲ.

ತಪ್ಪು ಎಲ್ಲಿ ಅಂದರೆ, ನನ್ನ ನೆಲೆಗಳು ನಾಲ್ಕು ಸಾವಿರ ವರ್ಷ ಹಿಂದಿನವು. ನನ್ನ ನೀರಿನ ಲೇಯರಿನಲ್ಲಿ ಇದ್ದದ್ದು ವಿಜಯನಗರ ಕಾಲದ ಕೆರೆಗಳು, 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆಯ ಹಿನ್ನೀರು, ಅದರ ಕಾಲುವೆಗಳು. ಅದಾದರೂ ಕಣ್ಣಿಗೆ ಬೀಳುವ ತಪ್ಪು. ಇನ್ನೊಂದು ಒಳಗಡೆ ಕೂತಿತ್ತು. ಕೆರೆ ಕಟ್ಟುವವರು ಎರಡು ಗುಡ್ಡಗಳ ನಡುವಿನ ಕಿರಿದಾದ ಜಾಗ ಹುಡುಕುತ್ತಾರೆ, ಅಲ್ಲಿ ಚಿಕ್ಕ ಏರಿ ಹಾಕಿದರೆ ಸಾಕು. ಹಾಗಾಗಿ ಕೆರೆ ಗುಡ್ಡದ ಪಕ್ಕಕ್ಕೇ ಬರುತ್ತದೆ. ನವಶಿಲಾಯುಗದವರೂ ಗುಡ್ಡ ಹಿಡಿದೇ ಇದ್ದವರು. ಎರಡನ್ನೂ ಎಳೆದದ್ದು ಗುಡ್ಡ, ನಾನು ಓದಿದ್ದು ನೀರು ಅಂತ. ಅದೇ ಗುಡ್ಡಸಾಲುಗಳ ಮೇಲೆ ಕಣ್ಣುಮುಚ್ಚಿ ಐನೂರು ಚುಕ್ಕಿ ಚೆಲ್ಲಿ ಅವುಗಳ ದೂರವನ್ನೂ ಅಳೆದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು: ಆಮೇಲೆ ಅಳೆದಾಗ ಅವೂ ನೀರಿಗೆ ಅಷ್ಟೇ ಹತ್ತಿರ ಬಂದವು. ಏಳು ತಿಂಗಳ ಕೆಲಸ ಹೋಯಿತು.

ಆದ್ದರಿಂದ ‘ಯಾವ ತಂತ್ರಾಂಶ’ ಎನ್ನುವುದೇ ತಪ್ಪು ಪ್ರಶ್ನೆ ಎನ್ನುತ್ತೇನೆ. ಒಂದೊಂದು ಲೇಯರಿಗೂ ‘ನಿನ್ನ ವಯಸ್ಸೆಷ್ಟು’ ಎಂದು ಕೇಳಿ. ಬಾಹ್ಯಾಕಾಶ ನೌಕೆಯಿಂದ ರೇಡಾರ್‌ನಲ್ಲಿ ಅಳೆದ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶಕ್ಕೂ ಕೇಳಿ: ಅದು 2000ದ ಫೆಬ್ರವರಿಯ ನೆಲ, ಹಿನ್ನೀರಿನಡಿಯ ಹೊಳೆದಂಡೆ ಅದರಲ್ಲಿ ಕಾಣುವುದಿಲ್ಲ. ಅದರ 30 ಮೀಟರಿನ ಒಂದು ಚೌಕದೊಳಗೆ ಅಜ್ಜ ತೋರಿಸಿದಂಥ ದೊಣೆ ಹತ್ತು ಮುಳುಗಿಹೋಗುತ್ತವೆ.

ನೀವು ಕೇಳಿದ ‘ಒಂದು ತಾಸಿನ ನಡಿಗೆ, 5 ಕಿ.ಮೀ.’ ವೃತ್ತವನ್ನು, ಅಂದರೆ ನೆಲೆಯವರು ದಿನವೂ ಬಳಸಬಹುದಾದ ಸುತ್ತಲಿನ ನೆಲದ ಅಳತೆಯನ್ನು, ಸಂಶೋಧಕರಾದ ವೀಟಾ-ಫಿನ್ಜಿ ಮತ್ತು ಹಿಗ್ಸ್ 1970ರಲ್ಲಿ ಹೇಳಿದ್ದು ಬೇಸಾಯಗಾರರಿಗೆ. ಇಲ್ಲಿಯವರು ದನದ ಜನ. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನ ಬೂದಿದಿಬ್ಬ (ನವಶಿಲಾಯುಗದ ಬೂದಿಯ ಗುಡ್ಡೆ) ಅಗೆದಾಗ ದನದ ಗೊರಸಿನ ಗುರುತುಗಳೇ ಸಿಕ್ಕವು, ಬೂದಿ ಸುಟ್ಟ ಸಗಣಿಯದು. ಇನ್ನು ಇಳಿಜಾರು ನೋಡಿ ನಡಿಗೆಯ ವೇಗ ಹೇಳುವ ಟೋಬ್ಲರ್ ಸೂತ್ರ ಮನುಷ್ಯರ ನಡಿಗೆಯ ಲೆಕ್ಕ. ಮೇಯುತ್ತಾ ಹೋಗುವ ಮಂದೆ ಹಾಗೆ ನಡೆಯುವುದಿಲ್ಲ. ಒಂದು ದಿನ ಮಂದೆಯ ಹಿಂದೆ ಜಿಪಿಎಸ್ ಹಿಡಿದು ನಡೆಯಿರಿ, ನಿಮ್ಮ ವೃತ್ತ ನೀವೇ ಬರೆದುಕೊಳ್ಳಿ.

ಗುಡ್ಡಕ್ಕೆ ಮೇ ಮೊದಲ ವಾರವೇ ಹೋಗಿ, ಮಳೆ ಬಿದ್ದ ಮೇಲಲ್ಲ. ಆಗಲೂ ನೀರಿರುವ ದೊಣೆ ಯಾವುದು, ಒಣಗಿದ್ದು ಯಾವುದು ಎಂದು ಗುರುತು ಹಾಕಿಕೊಳ್ಳಿ. ಕುರಿ ಕಾಯುವವರಿಗೆ ಪ್ರತಿಯೊಂದರ ಹೆಸರೂ ಗೊತ್ತಿರುತ್ತದೆ.