ನಮ್ಮದು ಸಣ್ಣ ಸಂಘ, ದುಡ್ಡು ಕಮ್ಮಿ. ಆ್ಯಪ್ ಮಾಡಿಸಬೇಕಾ? ಕಂಪ್ಯೂಟರ್ ಕೆಲಸ ಎಲ್ಲಿಂದ ಶುರು ಮಾಡಬೇಕು?

ಆ್ಯಪ್ ಬೇಡ. ಈಗಂತೂ ಬೇಡ.

ನೀವು ಬರೆದಿರುವುದು ಇಷ್ಟು: ತಾಲ್ಲೂಕು ಕೇಂದ್ರದಲ್ಲಿ ನೋಂದಣಿಯಾದ ಸಂಘ. ಸಂಜೆ ಮಕ್ಕಳಿಗೆ ಮನೆಪಾಠ, ಒಂದು ಸಣ್ಣ ವಾಚನಾಲಯ, ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ. ಸಂಬಳದವರು ಯಾರೂ ಇಲ್ಲ. ಯಾರೋ ಬಂದು ಆ್ಯಪ್ ಮಾಡಿಕೊಡುತ್ತೇನೆ, ಎಪ್ಪತ್ತು ಸಾವಿರ ಆಗುತ್ತೆ ಅಂದಿದ್ದಾರೆ. ಖಜಾಂಚಿ ಅರವತ್ತು ದಾಟಿದವರು, ಇನ್ನೂ ಕೈಬರಹದ ಲೆಡ್ಜರ್. ಅವರನ್ನು ಬದಲಾಯಿಸಬೇಕಾ ಎಂದೂ ಕೇಳಿದ್ದೀರಿ.

ನಾನು ಲೆಕ್ಕ ಬರೆಯುವವನು. ಇಂಥ ಸಂಘ, ಟ್ರಸ್ಟ್‌ಗಳ ಪುಸ್ತಕಗಳು ಆಡಿಟರ್ ಹತ್ತಿರ ಹೋಗುವ ಮೊದಲು ನನ್ನ ಮೇಜಿಗೆ ಬರುತ್ತವೆ. ಅದಕ್ಕೇ ನನ್ನ ಉತ್ತರದಲ್ಲಿ ಲೆಕ್ಕದ ವಾಸನೆ ಜಾಸ್ತಿ, ಸಹಿಸಿಕೊಳ್ಳಿ.

ಆ್ಯಪ್ ಯಾಕೆ ಬೇಡ ಅಂದರೆ, ಅದು ಮಾಡಿಸಿದ ದಿನಕ್ಕೆ ಮುಗಿಯುವ ಖರ್ಚಲ್ಲ. ಪ್ಲೇ ಸ್ಟೋರ್‌ನವರು ವರ್ಷ ವರ್ಷ ಹೊಸ ಆ್ಯಂಡ್ರಾಯ್ಡ್‌ಗೆ ತಕ್ಕಂತೆ ಆ್ಯಪನ್ನು ತಿದ್ದಲು ಹೇಳುತ್ತಾರೆ. ತಿದ್ದದೆ ಬಿಟ್ಟರೆ ಹೊಸ ಫೋನ್ ಕೊಂಡವರಿಗೆ ಅದು ಸಿಗುವುದೇ ಇಲ್ಲ. ಮಾಡಿಕೊಟ್ಟವರು ಅಷ್ಟು ಹೊತ್ತಿಗೆ ಫೋನ್ ಎತ್ತುವುದನ್ನು ಬಿಟ್ಟಿರುತ್ತಾರೆ. ನಿಮ್ಮ ಮಕ್ಕಳ ತಂದೆತಾಯಿ ಎಲ್ಲರೂ ಈಗಾಗಲೇ ವಾಟ್ಸ್ಆ್ಯಪ್‌ನಲ್ಲಿ ಇದ್ದಾರೆ ಅಲ್ವಾ? ಸೂಚನೆ ಕಳಿಸಲು ಅದೇ ಸಾಕು.

ಸಾಫ್ಟ್‌ವೇರ್ ಇಲ್ಲ ಅಂತ ಕೆಲಸ ನಿಂತ ಸಂಘವನ್ನು ನಾನು ನೋಡಿದ್ದು ಕಮ್ಮಿ. ಎಲ್ಲವೂ ಯಾರೋ ಒಬ್ಬರ ಸ್ವಂತ ಹೆಸರಿನಲ್ಲಿದ್ದು ಸಿಕ್ಕಿಕೊಂಡ ಸಂಘಗಳನ್ನು ಬೇಕಾದಷ್ಟು ನೋಡಿದ್ದೇನೆ. ಜಿಮೇಲ್ ಹಿಂದಿನ ಕಾರ್ಯದರ್ಶಿಯದು. ವೆಬ್‌ಸೈಟಿನ ಹೆಸರನ್ನು ಕೊಂಡವನು ಯಾರದೋ ಅಳಿಯ, ಅವನೀಗ ಊರಲ್ಲಿಲ್ಲ. ಫೇಸ್‌ಬುಕ್ ಪುಟದ ಪಾಸ್‌ವರ್ಡ್ ಕೇಳಿದರೆ ಒಬ್ಬರ ಮುಖ ಇನ್ನೊಬ್ಬರು ನೋಡುತ್ತಾರೆ. ಒಂದು ಕಡೆ ದೇಣಿಗೆಯ ಕ್ಯೂಆರ್ ಕೋಡ್ ಪದಾಧಿಕಾರಿಯೊಬ್ಬರ ಸ್ವಂತ ಖಾತೆಗೆ ಸೇರಿತ್ತು. ಆತ ಪ್ರಾಮಾಣಿಕ ಮನುಷ್ಯ, ಒಂದು ರೂಪಾಯಿ ಆಚೀಚೆ ಮಾಡಿರಲಿಲ್ಲ. ಆದರೂ ಅವರ ಮನೆಯ ಕರೆಂಟ್ ಬಿಲ್, ಹಾಲಿನ ದುಡ್ಡಿನ ನಡುವೆ ಸಂಘದ ದೇಣಿಗೆಯನ್ನು ಹೆಕ್ಕಿ ತೆಗೆಯುವಷ್ಟರಲ್ಲಿ ಇಬ್ಬರಿಗೂ ಸಾಕುಸಾಕಾಯಿತು.

ಆದ್ದರಿಂದ ಮೊದಲ ಕೆಲಸ ಇದು. ಸಂಘಕ್ಕೇ ಅಂತ ಒಂದು ಸಿಮ್ ತೆಗೆದುಕೊಳ್ಳಿ. ಒಟಿಪಿ ಎಲ್ಲ ಅದಕ್ಕೇ ಬರಲಿ. ಪ್ರತಿ ಸಲದ ರೀಚಾರ್ಜನ್ನು ಸಂಘದ ಖರ್ಚಿನಲ್ಲಿ ಬರೆಯಿರಿ. ರೀಚಾರ್ಜ್ ಮಾಡದೆ ಬಹಳ ದಿನ ಬಿಟ್ಟರೆ ನಂಬರ್ ಬೇರೆಯವರ ಪಾಲಾಗುತ್ತದೆ, ಆಮೇಲೆ ಒದ್ದಾಡಬೇಕು. ಆ ನಂಬರಿನ ಮೇಲೆ ಸಂಘದ ಹೆಸರಿನ ಇಮೇಲ್ ಮಾಡಿ. ಲಾಗಿನ್‌ಗೆ ಬೇಕಾಗುವ ಬ್ಯಾಕಪ್ ಕೋಡುಗಳನ್ನು ಪ್ರಿಂಟ್ ತೆಗೆದು ನಡಾವಳಿ ಪುಸ್ತಕ ಇಡುವ ಬೀರುವಿನಲ್ಲೇ ಇಡಿ. ಪದಾಧಿಕಾರಿ ಬದಲಾದಾಗ ಬ್ಯಾಂಕಿನ ಸಹಿ ಬದಲಾಯಿಸುತ್ತೀರಲ್ಲ, ಅದೇ ಠರಾವಿನಲ್ಲಿ ಇಮೇಲ್, ಸಿಮ್, ಡೊಮೇನ್ (ವೆಬ್‌ಸೈಟಿನ ಹೆಸರು) ಹಸ್ತಾಂತರವನ್ನೂ ಬರೆಸಿ. ಆ ಒಂದು ಸಾಲು ಬರೆಯದೆ ಪೇಚಿಗೆ ಸಿಕ್ಕವರು ಬಹಳ ಜನ.

ಕ್ಯೂಆರ್ ಕೋಡನ್ನು ಸಂಘದ ಖಾತೆ ಇರುವ ಬ್ಯಾಂಕಿನಲ್ಲೇ ಕೇಳಿ. ಸಂಘದ ಹೆಸರೇ ದಾನಿಯ ಫೋನಿನಲ್ಲಿ ಕಾಣಬೇಕು. ಇದಕ್ಕೆ ಇನ್ನೊಂದು ಕಾರಣವೂ ಇದೆ. ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟ ದಾನಕ್ಕೆ ನಾವು 80ಜಿ ಎನ್ನುವ ತೆರಿಗೆ ರಿಯಾಯಿತಿ ದಾನಿಗೆ ಸಿಗುವುದಿಲ್ಲ, ಬ್ಯಾಂಕಿನ ಮೂಲಕ ಬಂದರೆ ಆ ತೊಡಕಿಲ್ಲ. (ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಹೇಗೂ ಇಲ್ಲ, ಅದು ಬೇರೆ ಮಾತು.)

ಎರಡನೆಯದು ದಾನಿಗಳ ಪಟ್ಟಿ. ನಿಮಗೆ 80ಜಿ ಮಾನ್ಯತೆ ಇದ್ದರೆ ಯಾರು ಎಷ್ಟು ಕೊಟ್ಟರು ಎನ್ನುವ ವಿವರವನ್ನು ತೆರಿಗೆ ಇಲಾಖೆಗೆ ಆನ್‌ಲೈನ್‌ನಲ್ಲಿ ಕೊಡಬೇಕು. 2021-22ರ ಲೆಕ್ಕದಿಂದ ಈ ನಿಯಮ ಬಂತು. ಫಾರಂ 10ಬಿಡಿ ಅಂತ, ಮೇ 31 ಕೊನೆಯ ದಿನ, ತಡವಾದರೆ ದಿನಕ್ಕೆ 200 ರೂಪಾಯಿ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಇರುವುದರಿಂದ ಫಾರಂ ನಂಬರ್, ದಿನಾಂಕ ಎಲ್ಲ ನಿಮ್ಮ ಆಡಿಟರ್ ಹತ್ತಿರ ಖಚಿತ ಮಾಡಿಕೊಳ್ಳಿ. ಕೆಲಸ ಮಾತ್ರ ಅದೇ: ಹೆಸರು, ಪ್ಯಾನ್ ಅಥವಾ ಆಧಾರ್, ವಿಳಾಸ, ಮೊತ್ತ, ನಗದೋ ಬ್ಯಾಂಕೋ. ರಸೀದಿ ಹರಿಯುವ ಹೊತ್ತಿನಲ್ಲೇ ಈ ಐದು ಕಾಲಂ ಒಂದು ಗೂಗಲ್ ಶೀಟ್‌ಗೆ ಹೋದರೆ ಮೇ ತಿಂಗಳು ಸುಖವಾಗಿ ಕಳೆಯುತ್ತದೆ. ಇಲ್ಲದಿದ್ದರೆ ಹೋದ ವರ್ಷದ ದಾನಿಗಳಿಗೆಲ್ಲ ಫೋನ್ ಮಾಡಿ ಪ್ಯಾನ್ ಕೇಳುತ್ತಾ ಕೂರಬೇಕು. ಕೇಳುವವರಿಗೂ ಸಂಕೋಚ, ಹೇಳುವವರಿಗೂ ಅನುಮಾನ.

ಈ ಶೀಟನ್ನು ಕನ್ನಡದಲ್ಲಿ ಮಾಡುವುದಾದರೆ ಯೂನಿಕೋಡ್‌ನಲ್ಲೇ ಮಾಡಿ, ಅಂದರೆ ಎಲ್ಲ ಫೋನು, ಕಂಪ್ಯೂಟರಿನಲ್ಲೂ ಒಂದೇ ಥರ ಕಾಣುವ ಅಕ್ಷರ ಪದ್ಧತಿಯಲ್ಲಿ. ನಿಮ್ಮ ಹಳೆಯ ಫೈಲುಗಳು 'ನುಡಿ' ಅಥವಾ 'ಬರಹ' ಎನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಇರುತ್ತವೆ, ಬಹುತೇಕ ಎಲ್ಲ ಕಡೆ ಹಾಗೇ. ಅವನ್ನು ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆ ಕಾಣುತ್ತವೆ ಹೊರತು ಕನ್ನಡ ಕಾಣುವುದಿಲ್ಲ. 'ಶಾಂತಮ್ಮ' ಎಂದು ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲೂ ಬರುವುದಿಲ್ಲ. ಹಳೆಯದನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಒತ್ತಕ್ಷರ ಅಲ್ಲಲ್ಲಿ ಕೆಡುತ್ತದೆ, ಒಮ್ಮೆ ಕಣ್ಣಾಡಿಸಿ. ಎಲ್ಲವನ್ನೂ ಬದಲಾಯಿಸುವ ಹಟ ಬೇಡ. ಸದಸ್ಯರ ಪಟ್ಟಿ, ಬೈಲಾ, ಇವೆರಡು ಸಾಕು. ಇನ್ನು ಮುಂದೆ ಟೈಪ್ ಮಾಡಲು ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ. ಟೈಪಿಂಗ್ ಬಾರದವರು ಫೋನಿನಲ್ಲಿ ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್ ಹಾಕಿಕೊಂಡು ಮಾತಾಡಿದರೂ ಅಕ್ಷರ ಮೂಡುತ್ತದೆ. ಹೆಸರುಗಳನ್ನು ಮಾತ್ರ ಅದು ತನಗೆ ತೋಚಿದಂತೆ ಬರೆಯುತ್ತದೆ.

ಪುಕ್ಕಟೆ ಸಿಗುವುದರ ಬಗ್ಗೆ ಕೇಳಿದ್ದೀರಿ. ಗೂಗಲ್‌ನಲ್ಲಿ 'ಗೂಗಲ್ ಫಾರ್ ನಾನ್‌ಪ್ರಾಫಿಟ್ಸ್' ಅಂತ ಇದೆ, ಭಾರತದ ಸಂಘಗಳೂ ಅರ್ಜಿ ಹಾಕಬಹುದು. ಒಪ್ಪಿಗೆಯಾದರೆ ಸಂಘದ ಸ್ವಂತ ಡೊಮೇನಿನ ಹೆಸರಿನಲ್ಲಿ ಇಮೇಲ್, ಡ್ರೈವ್ ಎಲ್ಲ ಬಿಟ್ಟಿ. ಡೊಮೇನಿಗೆ ಮಾತ್ರ ವರ್ಷಕ್ಕೆ ಸ್ವಲ್ಪ ದುಡ್ಡು ಕೊಡಬೇಕು. ಶಾಲೆ, ಆಸ್ಪತ್ರೆ, ಸರ್ಕಾರಿ ಸಂಸ್ಥೆಗಳಿಗೆ ಇದು ಇಲ್ಲ. ಮನೆಪಾಠ ನಡೆಸುತ್ತೇವೆ ಎಂದು ಬರೆಯುವಾಗ 'ಶಾಲೆ' ಅಂತ ಓದಿಸಿಕೊಳ್ಳದ ಹಾಗೆ ನೋಡಿಕೊಳ್ಳಿ. ಮೈಕ್ರೋಸಾಫ್ಟ್‌ನದೂ ಇಂಥದ್ದೇ ಯೋಜನೆ ಇದೆ, ಬ್ರೌಸರ್‌ನಲ್ಲಿ ವರ್ಡ್, ಎಕ್ಸೆಲ್ ಬಳಸಬಹುದು. ಎರಡೂ ಬೇಕಿಲ್ಲ, ಒಂದನ್ನು ಆರಿಸಿ. ಶಿಬಿರದ ಪೋಸ್ಟರ್ ಮಾಡುವವರಿಗೆ ಕ್ಯಾನ್ವಾದಲ್ಲೂ ಸಂಘಸಂಸ್ಥೆಗಳಿಗೆ ಬಿಟ್ಟಿ ಖಾತೆ ಸಿಗುತ್ತದೆ. ಅರ್ಜಿಗೆ ಮೊದಲು ನೋಂದಣಿ ಪತ್ರ, ಸಂಘದ ಪ್ಯಾನ್, 12ಎ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ ನೋಂದಣಿ) ಇದ್ದರೆ ಅದು, ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಹೆಸರು ಮೂರರಲ್ಲೂ ಒಂದೇ ಥರ ಇದೆಯಾ ನೋಡಿ. ಒಂದರಲ್ಲಿ 'ಸೇವಾ ಸಂಘ', ಇನ್ನೊಂದರಲ್ಲಿ 'ಸೇವಾ ಸಮಿತಿ' ಅಂತ ಇದ್ದರೆ ಅಲ್ಲೇ ಅರ್ಜಿ ನಿಲ್ಲುತ್ತದೆ.

ಆರೋಗ್ಯ ಶಿಬಿರದಲ್ಲಿ ಜನರ ವಿವರ ಬರೆದುಕೊಳ್ಳಲು ಕೋಬೋ ಟೂಲ್‌ಬಾಕ್ಸ್ ಎನ್ನುವ ತಂತ್ರಾಂಶ ನೋಡಿ. ಹಾರ್ವರ್ಡ್‌ನಲ್ಲಿ ವಿಪತ್ತು ಪರಿಹಾರದ ಕೆಲಸದವರಿಗಾಗಿ ಮಾಡಿದ್ದು. ಪ್ರಶ್ನೆಗಳನ್ನು ಕನ್ನಡದಲ್ಲೇ ಹಾಕಬಹುದು, ನೆಟ್‌ವರ್ಕ್ ಇಲ್ಲದ ಕಡೆಯೂ ಫೋನಿನಲ್ಲಿ ತುಂಬಿ, ಊರಿಗೆ ಬಂದ ಮೇಲೆ ಕಳಿಸಬಹುದು. ಸಣ್ಣ ಬಳಕೆಗೆ ಖರ್ಚಿಲ್ಲ. ಜನರ ಆಧಾರ್ ಪ್ರತಿ, ಮಕ್ಕಳ ಫೋಟೋ ಮಾತ್ರ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. 2023ರಲ್ಲಿ ಖಾಸಗಿ ಮಾಹಿತಿ ರಕ್ಷಣೆಯ ಕಾಯ್ದೆ ಬಂದಿದೆ. ಕಾಯ್ದೆ ಇರದಿದ್ದರೂ ಅದು ಮಾಡುವ ಕೆಲಸವಲ್ಲ.

ವಾಚನಾಲಯಕ್ಕೆ ಕೋಹಾ ಎನ್ನುವ ಲೈಬ್ರರಿ ತಂತ್ರಾಂಶ ಹಾಕಿ ಅಂತ ಯಾರಾದರೂ ಹೇಳಬಹುದು. ಒಳ್ಳೆಯದೇ, ನ್ಯೂಜಿಲೆಂಡಿನ ಒಂದು ಸಣ್ಣ ಲೈಬ್ರರಿ ಟ್ರಸ್ಟ್ 1999ರಲ್ಲಿ ತನಗಾಗಿ ಮಾಡಿಸಿ ಜಗತ್ತಿಗೇ ಬಿಟ್ಟುಕೊಟ್ಟದ್ದು. ಆದರೆ ಅದಕ್ಕೆ ಸರ್ವರ್ ನೋಡಿಕೊಳ್ಳುವವರು ಬೇಕು. ಒಂದು ಬೀರು ಪುಸ್ತಕಕ್ಕೆ ಶೀಟೇ ಸಾಕು.

ಯಾರಾದರೂ ಹಳೇ ಕಂಪ್ಯೂಟರ್ ಕೊಡುತ್ತೇವೆ ಎಂದರೆ ಬೇಡ ಅನ್ನಬೇಡಿ. ಆದರೆ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ, ಹಳೇ ಯಂತ್ರಗಳಲ್ಲಿ ಬಹಳಷ್ಟಕ್ಕೆ ವಿಂಡೋಸ್ 11 ಹತ್ತುವುದಿಲ್ಲ. ಅವುಗಳಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್, ವರ್ಡ್-ಎಕ್ಸೆಲ್ ಬದಲು ಲಿಬ್ರೆ ಆಫೀಸ್ ಹಾಕಿ (ಎರಡೂ ಪುಕ್ಕಟೆ) ಮಕ್ಕಳಿಗೆ ಬಿಡಿ. ಆಫೀಸಿಗೆ ಒಂದು ವಿಂಡೋಸ್ ಯಂತ್ರ ಇರಲಿ. ಹಳೇ ನುಡಿ ಫೈಲು, ಮುಂದೆ ಬೇಕಾದರೆ ಟ್ಯಾಲಿ ಎನ್ನುವ ಲೆಕ್ಕದ ತಂತ್ರಾಂಶ, ಎರಡಕ್ಕೂ ಅದೇ ಬೇಕು.

ಕೊನೆಗೆ ನಿಮ್ಮ ಖಜಾಂಚಿಯವರು. ದಯವಿಟ್ಟು ಬದಲಾಯಿಸಬೇಡಿ. ಅವರು ನಗದು ಪುಸ್ತಕ ಬರೆಯಲಿ. ಮನೆಪಾಠಕ್ಕೆ ಬರುವ ಪಿಯುಸಿ ಹುಡುಗಿಯೊಬ್ಬಳು ವಾರಕ್ಕೊಮ್ಮೆ ಅವರ ಪಕ್ಕ ಕೂತು ಅದನ್ನೇ ಶೀಟ್‌ಗೆ ಏರಿಸಲಿ. ಅವರು ಓದಿ ಹೇಳಲಿ, ಅವಳು ತುಂಬಲಿ. ಇಬ್ಬರೂ ಮೊತ್ತ ತಾಳೆ ನೋಡಿ ಸಹಿ ಮಾಡಲಿ. ಪ್ರತಿ ವರ್ಷ ಸಂಘಗಳ ನೋಂದಣಾಧಿಕಾರಿಗೆ ಲೆಕ್ಕ, ಪದಾಧಿಕಾರಿಗಳ ಪಟ್ಟಿ ಕೊಡಲೇಬೇಕಲ್ಲ, ಆಗ ಈ ಶೀಟ್ ಕೆಲಸಕ್ಕೆ ಬರುತ್ತದೆ. ಎರಡರ ಮೊತ್ತ ಸೇರದಿದ್ದರೆ ನಾನಂತೂ ಮೊದಲು ತೆರೆಯುವುದು ಅವರ ಪುಸ್ತಕವನ್ನೇ. ಟ್ಯಾಲಿ ವಿಚಾರ, ರಸೀದಿ ಪುಸ್ತಕಗಳು ತಿಂಗಳಿಗೊಂದು ಮುಗಿಯಲು ಶುರುವಾದ ಮೇಲೆ ನೋಡೋಣ.