ಕಂಟ್ರೋಲರ್ ಆಫ್ ಎಂದರೂ ಹೀಟರ್ ಆಫ್ ಆಗಿರಲಿಕ್ಕಿಲ್ಲ

ಪ್ರಶ್ನೆ: ಮನೆಯಲ್ಲಿ ಬಿಯರ್ ಕುದಿಸುವ ಸ್ಟೀಲ್ ಪಾತ್ರೆಗೆ 230 ವೋಲ್ಟ್, 3,500 ವಾಟ್ ಹೀಟರ್ ಕೂರಿಸುತ್ತಿದ್ದೇನೆ. ಉಷ್ಣತೆ ನೋಡಿ ಹೀಟರ್ ಹತೋಟಿ ಮಾಡುವ ಪಿಐಡಿ ಕಂಟ್ರೋಲರ್, ಅದರ ಮಾತಿನಂತೆ ಹೀಟರ್ ಆನ್-ಆಫ್ ಮಾಡುವ ಎಸ್‌ಎಸ್‌ಆರ್ (ಸಾಲಿಡ್ ಸ್ಟೇಟ್ ರಿಲೇ, ಎಲೆಕ್ಟ್ರಾನಿಕ್ ಸ್ವಿಚ್) ಇವೆ. ಸಾಕೇ?

ಉತ್ತರ: ಸಾಲದು. ಎಸ್‌ಎಸ್‌ಆರ್ ಕೆಟ್ಟರೆ ಹೆಚ್ಚಾಗಿ ಶಾರ್ಟ್ ಆಗಿಯೇ, ಅಂದರೆ ಆನ್ ಸ್ಥಿತಿಯಲ್ಲೇ ಸಿಕ್ಕಿಕೊಂಡು, ಕೆಡುತ್ತದೆ. ಕಂಟ್ರೋಲರ್ ಏನೇ ಹೇಳಲಿ, ಹೀಟರ್ ಕಾಯುತ್ತಲೇ ಇರುತ್ತದೆ. ಸರಿಯಿದ್ದಾಗಲೂ ಅದರಲ್ಲಿ ಸ್ವಲ್ಪ ಕರೆಂಟ್ ಸೋರುತ್ತದೆ. ಹಾಗಾಗಿ ಲೈನಿನಲ್ಲಿ ಎಸ್‌ಎಸ್‌ಆರ್‌ಗೂ ಮೊದಲು ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಕಾಂಟ್ಯಾಕ್ಟರ್ (ಕಾಯಿಲ್‌ಗೆ ಕರೆಂಟ್ ಇದ್ದಾಗ ಮಾತ್ರ ಆನ್ ಇರುವ ದೊಡ್ಡ ಸ್ವಿಚ್) ಬೇಕು. ಅದರ ಕಾಯಿಲ್‌ಗೆ ಎಮರ್ಜೆನ್ಸಿ ಸ್ಟಾಪ್ ಬಟನ್, ಪಾತ್ರೆ ಬರಿದಾದರೆ ಕಡಿಯುವ ಫ್ಲೋಟ್ ಸ್ವಿಚ್ ಎರಡನ್ನೂ ಸೀರೀಸ್‌ನಲ್ಲಿ ಜೋಡಿಸಿ. ಕರೆಂಟ್ ಹೋಗಿ ಬಂದಾಗ ತಾನಾಗಿಯೇ ಶುರುವಾಗದಂತೆ ಸ್ಟಾರ್ಟ್ ಬಟನ್‌ಗೆ ಹೋಲ್ಡಿಂಗ್ ಕಾಂಟ್ಯಾಕ್ಟ್ (ಬಟನ್ ಬಿಟ್ಟ ಮೇಲೂ ಕಾಯಿಲ್‌ಗೆ ಕರೆಂಟ್ ಉಳಿಸುವ, ಕಾಂಟ್ಯಾಕ್ಟರ್‌ನದೇ ಸಂಪರ್ಕ) ಕೊಡಿ.

ಹೀಟರ್ ಸುಮಾರು 15 ಆಂಪಿಯರ್ ಎಳೆಯುತ್ತದೆ: 20 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿಮೀರಿದರೆ ಕಡಿಯುವ ಸ್ವಿಚ್), 4 ಚದರ ಮಿ.ಮೀ. ತಾಮ್ರದ ವೈರ್, ಹೀಟ್‌ಸಿಂಕ್ ಸಮೇತ 40 ಆಂಪಿಯರ್ ಎಸ್‌ಎಸ್‌ಆರ್. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ಕಡಿಯುವ ಸ್ವಿಚ್) ಮತ್ತು ಪಾತ್ರೆಗೆ ನೇರ ಅರ್ಥಿಂಗ್ ಇಲ್ಲದೆ ಸ್ವಿಚ್ ಹಾಕಲೇಬೇಡಿ. ಮೊದಲ ಸಲ ಚಾಲೂ ಮಾಡುವ ಮುನ್ನ ಎಲೆಕ್ಟ್ರಿಷಿಯನ್‌ಗೆ ತೋರಿಸಿ.