ತೈಲ ಕಡಿಮೆಯಾದರೆ ಊರಾಚೆಯ ಮನೆಗೆ ಏನಾಗುತ್ತದೆ?

ಪ್ರಶ್ನೆ: ನಗರದಿಂದ ಆಚೆ, ಹೊಸ ಬಡಾವಣೆಯಲ್ಲಿ ಮನೆ ಕೊಳ್ಳಬೇಕೆಂದಿದ್ದೇವೆ. ಮನೆ ದೊಡ್ಡದು, ಬೆಲೆಯೂ ಕಡಿಮೆ. ಆದರೆ ಕೆಲಸದ ಜಾಗಕ್ಕೆ 30 ಕಿ.ಮೀ. ಕಾರಿಲ್ಲದೆ ಆಗುವುದಿಲ್ಲ. ಮುಂದೆ ತೈಲ ಸಿಗುವುದು ಕಡಿಮೆಯಾಗುತ್ತದೆ ಅಂತಾರೆ. ಅಂಥ ಕಡೆ ಬದುಕುವುದು ಕಷ್ಟವಾಗುತ್ತದೆಯೇ? ಎಲೆಕ್ಟ್ರಿಕ್ ಕಾರು ತಗೊಂಡರೆ ಸಾಕಾ?

ಉತ್ತರ: ಬೆಳಿಗ್ಗೆ ಎದ್ದು ನೋಡಿದರೆ ಬಂಕ್‌ಗಳೆಲ್ಲ ಖಾಲಿ, ಹಾಗೇನೂ ಆಗುವುದಿಲ್ಲ. ಮೊದಲು ತಟ್ಟುವುದು ಬೆಲೆ. ಜಗತ್ತು ದಿನಕ್ಕೆ ಸುಮಾರು 10 ಕೋಟಿ ಬ್ಯಾರೆಲ್ ತೈಲ ಬಳಸುತ್ತದೆ. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಇದರಲ್ಲಿ ಸ್ವಲ್ಪ ಕೊರತೆಯಾದರೂ ಬೆಲೆ ಜಿಗಿಯುತ್ತದೆ. ಯಾಕೆಂದರೆ ದೂರದಿಂದ ಕೆಲಸಕ್ಕೆ ಹೋಗುವವರು ನಾಳೆಯಿಂದ ಹೋಗುವುದಿಲ್ಲ ಅನ್ನಲಾಗದು, ಅಲ್ವಾ?

ಇದನ್ನು ಅಮೆರಿಕದ ಜನ ಒಮ್ಮೆ ಕಂಡಿದ್ದಾರೆ. ಅಲ್ಲಿ ಎರಡನೇ ಮಹಾಯುದ್ಧದ ನಂತರ ಅಗ್ಗದ ಪೆಟ್ರೋಲ್ ನಂಬಿಕೊಂಡೇ ಊರಾಚೆ ಬಡಾವಣೆಗಳು ಬೆಳೆದವು. ಮಲಗುವುದು ಒಂದು ಕಡೆ, ದುಡಿಯುವುದು ಇನ್ನೊಂದು ಕಡೆ, ಅಂಗಡಿ ಮತ್ತೊಂದು ಕಡೆ. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ಬ್ಯಾರೆಲ್ ಬೆಲೆ 3 ಡಾಲರ್ ಆಸುಪಾಸಿನಿಂದ 12 ಡಾಲರ್ ಹತ್ತಿರಕ್ಕೆ ಹೋಯಿತು. ಬಂಕ್‌ಗಳ ಮುಂದೆ ಉದ್ದುದ್ದ ಸಾಲು. ಕೆಲವು ರಾಜ್ಯಗಳಲ್ಲಿ ಗಾಡಿ ನಂಬರ್ ಸಮವೋ ಬೆಸವೋ ನೋಡಿ ಪೆಟ್ರೋಲ್ ಹಾಕುತ್ತಿದ್ದರು.

ತೈಲ ಇಂಥ ವರ್ಷದಿಂದ ಇಳಿಯುತ್ತದೆ ಅಂತ ಮಾತ್ರ ನನ್ನನ್ನು ಕೇಳಬೇಡಿ. ಅಮೆರಿಕದ ಉತ್ಪಾದನೆ 1970ರ ಸುಮಾರಿಗೆ ತುದಿ ಮುಟ್ಟಿ ಇಳಿಯುತ್ತದೆ ಅಂತ ಭೂವಿಜ್ಞಾನಿ ಕಿಂಗ್ ಹಬ್ಬರ್ಟ್ 1956ರಲ್ಲೇ ಹೇಳಿದ್ದರು. ಹಾಗೇ ಆಯಿತು ಕೂಡ. ಆಮೇಲೆ ಶೇಲ್ ಬಂಡೆಯಿಂದ ತೈಲ ತೆಗೆಯುವುದು ಕಲಿತರು, 2018ರಲ್ಲಿ ಆ ಹಳೆಯ ದಾಖಲೆಯೇ ಮುರಿಯಿತು!

ನಿಮ್ಮ ಲೆಕ್ಕಕ್ಕೆ ಬರೋಣ. ಹೋಗಿ ಬರಲು ದಿನಕ್ಕೆ 60 ಕಿ.ಮೀ., ತಿಂಗಳಿಗೆ 25 ದಿನ, ಒಟ್ಟು 1500 ಕಿ.ಮೀ. ಲೀಟರಿಗೆ 15 ಕಿ.ಮೀ. ಕೊಡುವ ಕಾರಾದರೆ 100 ಲೀಟರ್ ಬೇಕು. ಮನೆಯಲ್ಲಿ ಎರಡು ಕಾರಿದ್ದರೆ ಇದು ಎಲ್ಲಿಗೆ ಮುಟ್ಟುತ್ತದೆ ನೋಡಿ. ಪೆಟ್ರೋಲ್ ಬೆಲೆ ಎರಡರಷ್ಟಾದರೆ ಮನೆಯ ಬೆಲೆಯಲ್ಲಿ ಉಳಿಸಿದ ದುಡ್ಡು ಬಂಕ್‌ಗೆ ಹೋಗುತ್ತದೆ.

ಎಲೆಕ್ಟ್ರಿಕ್ ಕಾರು ಈ ಖರ್ಚನ್ನು ನಿಜಕ್ಕೂ ತಗ್ಗಿಸುತ್ತದೆ. ಪೆಟ್ರೋಲ್ ಎಂಜಿನ್‌ನಲ್ಲಿ ಬಹುಪಾಲು ಶಕ್ತಿ ಬಿಸಿಯಾಗಿ ವ್ಯರ್ಥವಾಗುತ್ತದೆ, ಚಕ್ರಕ್ಕೆ ಸಿಗುವುದು ಸುಮಾರು ಕಾಲು ಭಾಗ. ಎಲೆಕ್ಟ್ರಿಕ್ ಕಾರಿನಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಸಿಗುತ್ತದೆ. ಸ್ವಂತ ಚಾವಣಿ, ಸ್ವಂತ ಪಾರ್ಕಿಂಗ್ ಇರುವ ನಿಮ್ಮಂಥವರಿಗೆ ಸೋಲಾರ್ ಹಾಕಿಸಿ ಚಾರ್ಜ್ ಮಾಡುವುದೂ ಸುಲಭ. ಅಪಾರ್ಟ್‌ಮೆಂಟ್‌ನವರಿಗೆ ಆ ಅನುಕೂಲ ಅಷ್ಟಿಲ್ಲ. ಹಾಗಾಗಿ ಊರಾಚೆಯ ಬಡಾವಣೆಗಳೆಲ್ಲ ಹಾಳು ಬೀಳುತ್ತವೆ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ಕಾರು ಬದಲಾದರೆ ದೂರ ಕಡಿಮೆಯಾಗುತ್ತದಾ? ರಸ್ತೆಗೆ ಹಾಕುವ ಟಾರ್ ಕೂಡ ತೈಲದಿಂದಲೇ ಬರುವುದು. ಮನೆಗಳು ಚದುರಿದಂತೆ ಒಂದೊಂದು ಮನೆಯ ಪಾಲಿಗೆ ಬೀಳುವ ರಸ್ತೆ, ಪೈಪು, ತಂತಿ ಜಾಸ್ತಿ. ಅದರ ರಿಪೇರಿ ಖರ್ಚು ತೆರಿಗೆಯಾಗಿ ಬರುತ್ತದೆ, ಇಲ್ಲವೇ ಗುಂಡಿಯಾಗಿ ಉಳಿಯುತ್ತದೆ. ಜನ ಕಡಿಮೆ ಇರುವ ಕಡೆ ಬಸ್ಸೂ ಅಪರೂಪ. ಕಾರು ಓಡಿಸಲಾಗದ ವಯಸ್ಸಾದವರು, ಮಕ್ಕಳು ಮನೆಯಲ್ಲೇ ಸಿಕ್ಕಿಕೊಳ್ಳುತ್ತಾರೆ. ನನಗೆ ಪೆಟ್ರೋಲ್ ಬೆಲೆಗಿಂತ ಇದೇ ದೊಡ್ಡ ಚಿಂತೆ.

ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಲು ಬಿಡುತ್ತಾರಾ, ಕೇಳಿ ನೋಡಿ. ಮುಂಗಡ ಕೊಡುವ ಮುಂಚೆ ಒಂದು ಕೆಲಸದ ದಿನ ಕಾರು ಮುಟ್ಟದೆ ಆ ಬಡಾವಣೆಯಿಂದ ಹೋಗಿ ಬನ್ನಿ. ಶಾಲೆ, ಔಷಧಿ ಅಂಗಡಿಗೆ ನಡೆದು ಹೋಗಲು ಎಷ್ಟು ನಿಮಿಷ ಬೇಕು ಅಂತ ಬರೆದಿಡಿ. ರಾತ್ರಿ ವಾಪಸ್ ಬರಲು ಕೊನೆಯ ಬಸ್ ಎಷ್ಟು ಗಂಟೆಗೆ ಅಂತಲೂ ವಿಚಾರಿಸಿ.